ಮುನ್ನೂರರ ಪಕ್ಕ ನಿಂತ ಏಳುನೂರು

ಮುನ್ನೂರು ಅಂದ ಕೂಡಲೇ ನಿಮ್ಮಲ್ಲಿ ಅನೇಕರಿಗೆ ಆ ಇಂಗ್ಲಿಷ್ ಸಿನಿಮಾ ನೆನಪಾಗುತ್ತೆ. ಸ್ಪಾರ್ಟಾದ ರಾಜ ಲಿಯೊನಿಡಾಸ್, ಅವನ 300 ಜನ, ಎದುರಿಗೆ ಪರ್ಷಿಯಾದ ದಂಡು. ಕಥೆ ಸುಳ್ಳಲ್ಲ. ಲೆಕ್ಕ ಮಾತ್ರ ತಪ್ಪು.

ಕ್ರಿ.ಪೂ. 480. ಚಕ್ರವರ್ತಿ ಕ್ಸರ್ಕ್ಸಿಸ್ ಹಡಗುಗಳನ್ನೇ ಸಾಲಾಗಿ ಕಟ್ಟಿ, ಸಮುದ್ರಕ್ಕೆ ಸೇತುವೆ ಹಾಕಿ ಏಷ್ಯಾದಿಂದ ಯುರೋಪಿಗೆ ದಾಟಿ ಬಂದ. ಸೈನ್ಯ ಎಷ್ಟು? ಇತಿಹಾಸಕಾರ ಹೆರೊಡೋಟಸ್ ಕಾಲಾಳುಗಳೇ 17 ಲಕ್ಷ ಅಂತಾನೆ. ಅಷ್ಟು ಜನಕ್ಕೆ ಕುಡಿಯೋ ನೀರು ಕೊಡೋರು ಯಾರಪ್ಪಾ? ಇವತ್ತಿನ ವಿದ್ವಾಂಸರು ಆ ಲೆಕ್ಕವನ್ನು ಬಹಳ ಕೆಳಗಿಳಿಸಿದ್ದಾರೆ. ಅಂದಹಾಗೆ, ಆ ದಂಡಿನಲ್ಲಿ ಸಿಂಧೂ ಸೀಮೆಯ ಭಾರತೀಯರೂ ಇದ್ದರು. ಹತ್ತಿಬಟ್ಟೆ ಉಟ್ಟು, ಬೆತ್ತದ ಬಿಲ್ಲು ಹಿಡಿದು ಬಂದಿದ್ದರು ಅಂತ ಅವನೇ ಬರೆದಿದ್ದಾನೆ.

ದಂಡನ್ನು ತಡೆದ ಜಾಗ ಥರ್ಮೊಪಿಲೆ. ಬಿಸಿ ಬಾಗಿಲು ಅಂತ ಅರ್ಥ, ಪಕ್ಕದಲ್ಲೇ ಬಿಸಿನೀರಿನ ಬುಗ್ಗೆಗಳಿವೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಕೆಲವು ಕಡೆ ಒಂದೇ ಗಾಡಿ ಹೋಗುವಷ್ಟು ದಾರಿ. (ಈಗ ಹೋಗಿ ನೋಡಿದರೆ ನಂಬೋದು ಕಷ್ಟ, ಸಮುದ್ರ ಕಿಲೋಮೀಟರುಗಟ್ಟಲೆ ಹಿಂದೆ ಸರಿದಿದೆ.) ಅಲ್ಲಿ ಕಾದು ನಿಂತವರು ಬೇರೆ ಬೇರೆ ಗ್ರೀಕ್ ಊರುಗಳಿಂದ ಬಂದ ಸುಮಾರು 7,000 ಮಂದಿ! ಎರಡು ದಿನ ದಂಡು ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಆಮೇಲೆ ಎಫಿಯಾಲ್ಟಿಸ್ ಅನ್ನೋ ಸ್ಥಳೀಯ, ಶತ್ರುವಿಗೆ ಬೆಟ್ಟದ ಕಾಲುದಾರಿ ತೋರಿಸಿಬಿಟ್ಟ.

ಮೂರನೇ ದಿನ ಬೆಳಗ್ಗೆ ಲಿಯೊನಿಡಾಸ್ ಹೆಚ್ಚಿನವರನ್ನು ವಾಪಸ್ ಕಳಿಸಿದ. ಥೀಬ್ಸ್‌ನ 400 ಮಂದಿಯನ್ನು ಬಲವಂತವಾಗಿ ಉಳಿಸಿಕೊಂಡ ಅಂತಾನೆ ಹೆರೊಡೋಟಸ್. ಆದರೆ ಥೆಸ್ಪಿಯ ಅನ್ನೋ ಪುಟ್ಟ ಊರಿನ 700 ಜನ, ಡೆಮೊಫಿಲಸ್ ಅವರ ನಾಯಕ, ನಾವು ನಿಮ್ಮನ್ನು ಬಿಟ್ಟು ಹೋಗಲ್ಲ ಅಂತ ತಾವಾಗಿಯೇ ನಿಂತರು. ಅಲ್ಲೇ ಸತ್ತರು.

ನೋಡಿ, ಸ್ಪಾರ್ಟಾದವನಿಗೆ ಯುದ್ಧವೇ ಕಸುಬು. ಹೊಲ ಉಳೋಕೆ ಜೀತದಾಳುಗಳಿದ್ದರು. ಅವನ ಊರೂ ದೂರದ ದಕ್ಷಿಣದಲ್ಲಿ. ಥೆಸ್ಪಿಯ ಹಾಗಲ್ಲ, ಈ ಕಣಿವೆ ಬಿದ್ದರೆ ದಂಡು ಹೋಗೋ ದಾರಿಯಲ್ಲೇ ಇತ್ತು. ಹಾಗೇ ಆಯ್ತು. ಕ್ಸರ್ಕ್ಸಿಸ್ ಆ ಊರನ್ನು ಸುಟ್ಟ. ಜನ ಅಷ್ಟರಲ್ಲಿ ದಕ್ಷಿಣಕ್ಕೆ ಓಡಿ ಜೀವ ಉಳಿಸಿಕೊಂಡಿದ್ದರು.

ನಮ್ಮ ಸುದ್ದಿಮನೆಯಲ್ಲೂ ಇದೇ ಕಥೆ ಸ್ವಾಮಿ, ತಪ್ಪು ಒಪ್ಪಿಕೊಳ್ತೀನಿ. ಹೆಡ್‌ಲೈನಿಗೆ ಒಂದು ಮುಖ, ಒಂದು ನಂಬರ್ ಸಿಕ್ಕರೆ ಸಾಕು, ಉಳಿದವರು ‘ಇತರರು’. ಥರ್ಮೊಪಿಲೆಯಲ್ಲಿ ಲಿಯೊನಿಡಾಸ್ ಸ್ಮಾರಕ 1955ರಲ್ಲೇ ಎದ್ದಿತು. ಥೆಸ್ಪಿಯದವರ ಸ್ಮಾರಕಕ್ಕೆ 1997 ಬರಬೇಕಾಯಿತು.

ಮರುವರ್ಷ ಪ್ಲಾಟಿಯಾದಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರಲ್ಲ, ಅಲ್ಲಿಗೂ ಥೆಸ್ಪಿಯದಿಂದ 1,800 ಜನ ಬಂದಿದ್ದರು. ಮೈಮೇಲೆ ಭಾರೀ ಕವಚ, ಆಯುಧ ಇರಲಿಲ್ಲ. ಎಲ್ಲಿಂದ ಬರಬೇಕು? ಊರೇ ಸುಟ್ಟುಹೋಗಿತ್ತು. ಯುದ್ಧ ಮುಗಿದ ಮೇಲೆ ಥೆಸ್ಪಿಯ ಹೊರಗಿನವರನ್ನು ತನ್ನ ನಾಗರಿಕರನ್ನಾಗಿ ಸೇರಿಸಿಕೊಳ್ಳೋಕೆ ಶುರುಮಾಡಿತು. ಹಾಗೆ ಸೇರಿದವರಲ್ಲಿ ಒಬ್ಬ ಸಿಕಿನ್ನಸ್, ಅಥೆನ್ಸ್‌ನ ನಾಯಕ ಥೆಮಿಸ್ಟೊಕ್ಲಿಸ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಳು.