ಚಾರ್ಜರ್ ಒಲ್ಲೆ ಅಂದಾಗ

(ಪುಣೆಯಲ್ಲಿ ನಮ್ಮ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)



ಪ್ರತಿ ತಿಂಗಳು ಒಬ್ಬರು ತಮಗೆ ಗೊತ್ತಿರುವ ವಿಷಯದ ಬಗ್ಗೆ ಹದಿನೈದು ನಿಮಿಷ ಮಾತಾಡುವುದು ನಮ್ಮ ವಿಭಾಗದ ರೂಢಿ. ನನ್ನ ಸರದಿ ಬಂದಾಗ "ರೇಡಿಯೊ ಕಂಟ್ರೋಲ್ ವಿಮಾನದ ಬ್ಯಾಟರಿ ಚಾರ್ಜ್ ಆಗದಿದ್ದರೆ ಏನು ಮಾಡಬೇಕು" ಎಂದು ವಿಷಯ ತಿಳಿಸಿದೆ. ಕಾರ್ಯದರ್ಶಿಯವರು ಫೋನಿನಲ್ಲಿ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ಇರಲಿ. ಮನೆಯಲ್ಲಿ ರಿಮೋಟಿನ ಕಾರು, ಹೆಲಿಕಾಪ್ಟರ್, ಡ್ರೋನ್, ಏನಾದರೂ ಒಂದು ಇರುವವರು ಕೈ ಎತ್ತಿ ನೋಡೋಣ. ನೋಡಿದಿರಾ, ಅರ್ಧ ಸಭೆ! ಅಂದ ಮೇಲೆ ಈ ಮಾತು ನಿಮಗೂ ಸಂಬಂಧಿಸಿದ್ದೇ.

ನಾನು ದೂರವಾಣಿ ಇಲಾಖೆಯಲ್ಲಿದ್ದವಳು ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಹುಬ್ಬಳ್ಳಿಯಲ್ಲಿದ್ದಾಗ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆ ನನ್ನ ಪಾಲಿಗಿತ್ತು. ಎರಡೆರಡು ವೋಲ್ಟಿನ 24 ಸೀಸ-ಆಮ್ಲದ ಸೆಲ್‌ಗಳು ಸಾಲಾಗಿ ನಿಂತಿರುತ್ತಿದ್ದವು, ಸೇರಿ 48 ವೋಲ್ಟ್. ಆ್ಯಸಿಡ್ ಸಿಡಿದು ನನ್ನ ಎಷ್ಟೋ ಕಾಟನ್ ಸೀರೆಗಳಿಗೆ ತೂತು ಬಿದ್ದಿವೆ. ಅಲ್ಲಿ ಕಲಿತ ಮೊದಲ ಪಾಠ, ಒಟ್ಟು ವೋಲ್ಟೇಜ್ ನೋಡಿ ಸಮಾಧಾನ ಪಡಬೇಡ, ಒಂದೊಂದು ಸೆಲ್ಲನ್ನೂ ಅಳೆದು ಪುಸ್ತಕದಲ್ಲಿ ಬರಿ ಎನ್ನುವುದು. ಆ ಪಾಠವನ್ನು ನಾನೇ ಮರೆತ ಕಥೆಯನ್ನು ಈಗ ಹೇಳುತ್ತೇನೆ.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿಸುತ್ತಾರೆ ಎಂದು ತಿಳಿದಂದಿನಿಂದ ಅವಳಿಗೆ ಅದೇ ಧ್ಯಾನ. ಹಬ್ಬಗಳಲ್ಲಿ ಬಂದ ಕೈಗಾಣಿಕೆಯನ್ನೆಲ್ಲ ಕೂಡಿಟ್ಟು ಒಂದು ಫೋಮಿನ ವಿಮಾನ, ಎರಡು ಬ್ಯಾಟರಿ, ಒಂದು ಚಾರ್ಜರ್ ಕೊಂಡಳು. ದೀಪಾವಳಿ ರಜೆಯಲ್ಲಿ ಊರಾಚೆಯ ಬಯಲಿನಲ್ಲಿ ಹಾರಿಸಿ ಬಂದು, ವಿಮಾನವನ್ನು ಕಪಾಟಿನ ಮೇಲಿಟ್ಟಳು. ಒಂದು ಬ್ಯಾಟರಿ ಒಳಗೆ ಜೋಡಿಸಿದಂತೆಯೇ ಉಳಿಯಿತು. ರಿಮೋಟ್ ಆರಿಸಿದರೂ ವಿಮಾನದೊಳಗಿನ ರಿಸೀವರ್ ಮತ್ತು ಮೋಟಾರಿನ ಕಂಟ್ರೋಲರ್ ಸ್ವಲ್ಪ ಸ್ವಲ್ಪವೇ ಕರೆಂಟ್ ಹೀರುತ್ತಲೇ ಇರುತ್ತವೆ. ವಾರ ಬಿಟ್ಟು ನೋಡಿದರೆ ಆ ಬ್ಯಾಟರಿ ಬರಿದು. ವಿಚಿತ್ರವೆಂದರೆ, ಇನ್ನೊಂದು ಬ್ಯಾಟರಿಯನ್ನೂ ಚಾರ್ಜರ್ ತೆಗೆದುಕೊಳ್ಳಲಿಲ್ಲ. ಎರಡಕ್ಕೂ ಒಂದೇ ಸಮನೆ ಬೀಪ್ ಬೀಪ್.

"ಅಜ್ಜಿ, ಚಾರ್ಜರ್ ಒಲ್ಲೆ ಅನ್ನಲಿಕತ್ತದ. ಬಿಟ್ಟುಬಿಡೋಣಲ್ಲ?" ಅಂದಳು.

"ಏ ಸುಮ್ಮನಿರು, ಮೂವತ್ತು ವರ್ಷ ಬ್ಯಾಟರಿ ಜೋಡಿ ಬಾಳ್ವೆ ಮಾಡೇನಿ ನಾ" ಅಂದೆ.

ಬರಿದಾದ ಬ್ಯಾಟರಿಯಲ್ಲಿ ಮೂರು ಸೆಲ್ ಸೇರಿ 5 ವೋಲ್ಟ್ ಕೂಡ ಇರಲಿಲ್ಲ. ಲಿಥಿಯಂ ಎಂದು ಹೇಳಿದರೆ ಚಾರ್ಜರ್ ಒಪ್ಪುವುದಿಲ್ಲವಲ್ಲ, ಅದಕ್ಕೆ ಬೇರೆ ಜಾತಿಯ ಬ್ಯಾಟರಿ ಎಂದು ಸುಳ್ಳು ಸೆಟ್ಟಿಂಗ್ ಹಾಕಿ ಒಂದಿಷ್ಟು ಕರೆಂಟ್ ತುಂಬಿಸಿದೆ. ವೋಲ್ಟೇಜ್ ಏರಿತು. ಮತ್ತೆ ಸರಿಯಾದ ಸೆಟ್ಟಿಂಗಿಗೆ ಬಂದೆ, ಈಗ ಚಾರ್ಜರ್ ಒಪ್ಪಿತು. ರಾತ್ರಿ ಹನ್ನೊಂದಕ್ಕೆ 12.6 ವೋಲ್ಟ್, ಪೂರ್ತಿ ಫುಲ್. ದುಡ್ಡು ಉಳಿಸಿದೆ ಎಂಬ ಹಿಗ್ಗಿನಲ್ಲಿ ಬ್ಯಾಟರಿಯನ್ನು ಅವಳ ಓದುವ ಮೇಜಿನ ಮೇಲೆ, ಪುಸ್ತಕಗಳ ಪಕ್ಕ ಇಟ್ಟೆ. ಆ ಮೇಜಿಗೂ ಅವಳ ಹಾಸಿಗೆಗೂ ಒಂದು ಮೊಳ ದೂರ.

ಬೆಳಗ್ಗೆ ನೋಡಿದರೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಮೀಟರ್ ಹಿಡಿದೆ. ಎರಡು ಸೆಲ್‌ಗಳಲ್ಲಿ 4.1, ಮೂರನೆಯದರಲ್ಲಿ 3.3. ಮೊತ್ತ 11.5. ಮೊತ್ತವಷ್ಟೇ ನೋಡಿದ್ದರೆ ಏನೂ ಆಗಿಲ್ಲ ಅನ್ನಬಹುದಿತ್ತು. ಆದರೆ ಮೂರನೆಯ ಸೆಲ್ ರಾತ್ರಿಯಿಡೀ ಒಳಗೊಳಗೇ ಸೋರುತ್ತಿತ್ತು. ಬೆಂಕಿ ಹತ್ತಲಿಲ್ಲ, ಅದು ನಮ್ಮ ಪುಣ್ಯ. ನನ್ನ ಕೈಕಾಲು ಮಾತ್ರ ತಣ್ಣಗಾದವು.

ಸೀಸದ ಬ್ಯಾಟರಿ ಬರಿದಾದರೆ ಎಷ್ಟೋ ಸಲ ನಿಧಾನವಾಗಿ ತುಂಬಿಸಿ ಎಬ್ಬಿಸಬಹುದು. ಲಿಥಿಯಂ ಪಾಲಿಮರ್, ಅಂದರೆ ಲಿಪೊ ಬ್ಯಾಟರಿಗೆ ಆ ನ್ಯಾಯ ನಡೆಯುವುದಿಲ್ಲ. ತೀರಾ ಬರಿದಾದಾಗ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಹೋಗಿ ಕೂತು ಒಳಗೇ ಶಾರ್ಟ್ ಮಾಡಬಹುದು. ಚಾರ್ಜರ್ ಒಲ್ಲೆ ಅನ್ನುವುದು ಈ ಕಾರಣಕ್ಕೇ. ಮಗುವಿಗೆ ಅರ್ಥವಾದದ್ದು ನನಗೆ ಆಗಿರಲಿಲ್ಲ.

ಹಾಗಾದರೆ ಚಾರ್ಜ್ ಆಗದ ಬ್ಯಾಟರಿಗಳನ್ನೆಲ್ಲ ಎಸೆಯಬೇಕೇ? ಇಲ್ಲ. ಎಷ್ಟೋ ಸಲ ದೋಷ ಬ್ಯಾಟರಿಯದ್ದೇ ಆಗಿರುವುದಿಲ್ಲ. ಕ್ರಮವಾಗಿ ನೋಡುತ್ತಾ ಹೋಗಬೇಕು.

ಮೊದಲು ಕಣ್ಣು, ಮೂಗು, ಕೈ. ಬ್ಯಾಟರಿ ಉಬ್ಬಿದೆಯೇ, ಹೊದಿಕೆ ಹರಿದಿದೆಯೇ, ನೇಲ್ ಪಾಲಿಶ್ ತರಹದ ಸಿಹಿ ಘಾಟು ಬರುತ್ತಿದೆಯೇ, ವಿಮಾನ ನೆಲಕ್ಕೆ ಬಿದ್ದಾಗ ಜಜ್ಜಿದೆಯೇ? ಇವುಗಳಲ್ಲಿ ಒಂದು ಇದ್ದರೂ ಅಲ್ಲಿಗೆ ನಿಲ್ಲಿಸಿ, ಚಾರ್ಜಿಗೆ ಹಾಕಲೇಬೇಡಿ. ಹಾರಿಸಿ ಬಂದ ಬ್ಯಾಟರಿ ಬಿಸಿಯಿದ್ದರೆ ಪೂರ್ತಿ ತಣ್ಣಗಾಗಲು ಬಿಡಿ.

ಎರಡನೆಯದು ಕರೆಂಟ್ ಬರುವ ದಾರಿ. ಪ್ಲಗ್ ಪಾಯಿಂಟಿನಲ್ಲಿ ಬೇರೆ ಉಪಕರಣ ಹಾಕಿ ನೋಡಿ. ಆಮೇಲೆ ಅಡಾಪ್ಟರ್. ನಮ್ಮ ಬ್ಯಾಟರಿಯ ಮೇಲೆ 2200 ಎಂಎಎಚ್ ಎಂದಿದೆ, ಅದಕ್ಕೆ ಸಾಮಾನ್ಯವಾಗಿ 2.2 ಆ್ಯಂಪಿಯರಿನಲ್ಲಿ ಚಾರ್ಜ್ ಮಾಡುತ್ತೇವೆ. 12.6ನ್ನು 2.2ರಿಂದ ಗುಣಿಸಿ, ಸುಮಾರು 28 ವ್ಯಾಟ್ ಬೇಕು. ಮನೆಯಲ್ಲಿ ಬಿದ್ದಿದ್ದ 12 ವೋಲ್ಟ್, 2 ಆ್ಯಂಪಿಯರಿನ ಅಡಾಪ್ಟರ್ ಕೊಡುವುದು 24 ವ್ಯಾಟ್ ಮಾತ್ರ. ಆಗ ಚಾರ್ಜರ್ ಶುರುವಾಗಿ, ಬೀಪ್ ಎಂದು, ಮತ್ತೆ ನಿಲ್ಲುತ್ತದೆ. ಪಾಪ, ಬ್ಯಾಟರಿಯದೇನೂ ತಪ್ಪಿಲ್ಲ. ಇನ್ನು ಮೂರು ದೀಪಗಳಿರುವ ಪುಟ್ಟ ಚಾರ್ಜರ್‌ಗಳು ಆ್ಯಂಪಿಯರಿಗಿಂತ ಕಡಿಮೆ ಕೊಡುತ್ತವೆ. ಅವು ಇದೇ ಬ್ಯಾಟರಿಗೆ ಮೂರು ತಾಸಿನ ಹತ್ತಿರ ತೆಗೆದುಕೊಂಡರೆ ಅದು ದೋಷವಲ್ಲ.

ಮೂರನೆಯದು ಜೋಡಣೆ. ಲಿಪೊ ಬ್ಯಾಟರಿಗೆ ಎರಡು ಬಾಲ. ದಪ್ಪ ತಂತಿಯದು ಮೋಟಾರಿಗೆ. ತೆಳು ತಂತಿಗಳ ಬಿಳಿ ಪ್ಲಗ್ಗಿಗೆ ಬ್ಯಾಲೆನ್ಸ್ ಪ್ಲಗ್ ಎನ್ನುತ್ತಾರೆ. ಮೂರು ಸೆಲ್ಲಿಗೆ ನಾಲ್ಕು ತಂತಿ. ಒಂದೊಂದು ಸೆಲ್ ಎಷ್ಟಿದೆ ಎಂದು ಚಾರ್ಜರಿಗೆ ತಿಳಿಯುವುದು ಇದರಿಂದಲೇ. ಮಕ್ಕಳು ಪ್ಲಗ್ ಹಿಡಿಯದೆ ತಂತಿ ಹಿಡಿದು ಎಳೆಯುತ್ತಾರೆ, ಹೊರಗಿನ ರಬ್ಬರ್ ಸರಿಯಿದ್ದು ಒಳಗೆ ತಂತಿ ತುಂಡಾಗುತ್ತದೆ. ನಮ್ಮ ಎರಡನೇ ಬ್ಯಾಟರಿಗೆ ಆಗಿದ್ದು ಇದೇ! ಸೆಲ್‌ಗಳು ಗಟ್ಟಿಮುಟ್ಟಾಗಿದ್ದವು, ಒಂದು ತಂತಿ ಮಾತ್ರ ಸತ್ತಿತ್ತು. ಇಂಥ ವಿಮಾನ ರಿಪೇರಿ ಮಾಡುವ ಅಂಗಡಿಯವರು ಹೊಸ ಪ್ಲಗ್ ಹಾಕಿಕೊಟ್ಟರು. ಇದನ್ನು ಮನೆಯಲ್ಲಿ ಕತ್ತರಿ ಹಿಡಿದು ಮಾಡಬೇಡಿ. ಎರಡು ತಂತಿ ಒಟ್ಟಿಗೆ ಕತ್ತರಿಸಿದರೆ ಶಾರ್ಟ್ ಆಗುತ್ತದೆ.

ನಾಲ್ಕನೆಯದು ಸೆಲ್ಲಿನ ಅಳತೆ. ಬ್ಯಾಲೆನ್ಸ್ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಒಂದೊಂದು ಸೆಲ್ಲಿನ ವೋಲ್ಟೇಜ್ ತೋರಿಸುವ ಬೆರಳುದ್ದದ ಚೆಕ್ಕರ್ ಸಿಗುತ್ತದೆ. ಮಲ್ಟಿಮೀಟರಿನ ಕಡ್ಡಿಗಳಿಗಿಂತ ಅದು ಸುರಕ್ಷಿತ. 4.2 ಇದ್ದರೆ ತುಂಬಿದ ಸೆಲ್. 3.8ರ ಆಸುಪಾಸು ಎತ್ತಿಡಲು ಸರಿಯಾದ ಮಟ್ಟ. ಮೂರೂ ಸೆಲ್‌ಗಳು ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಒಂದು ಮಾತ್ರ ಪ್ರತಿ ಸಲವೂ ಕೆಳಗೆ ಜಾರುತ್ತಿದ್ದರೆ ಅದರ ಆಯುಷ್ಯ ಮುಗಿಯುತ್ತಾ ಬಂತು ಎಂದರ್ಥ. ಹಾರಿಸದೆ ಸುಮ್ಮನಿಟ್ಟಾಗಲೂ ಯಾವುದೇ ಸೆಲ್ 3ಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಚಾರ್ಜ್ ಮಾಡುವ ಸಾಹಸ ಬೇಡ.

ಐದನೆಯದು ಸೆಟ್ಟಿಂಗ್. ಬ್ಯಾಟರಿ ಜಾತಿ ಲಿಪೊ, ಸೆಲ್ಲಿನ ಸಂಖ್ಯೆ ಬ್ಯಾಟರಿಯ ಮೇಲೆ ಬರೆದಷ್ಟೇ, ವಿಧಾನ ಬ್ಯಾಲೆನ್ಸ್ ಚಾರ್ಜ್. ಚಾರ್ಜರಿಗೆ ಸುಳ್ಳು ಹೇಳಬೇಡಿ. ನಾನು ಹೇಳಿ ನೋಡಿದ್ದೇನೆ.

ಇನ್ನು ಚಾರ್ಜ್ ಮಾಡುವ ಜಾಗ. ಹಾಸಿಗೆ, ಸೋಫಾ, ಮರದ ಮೇಜು ಬೇಡ. ಬರಿ ಫರಸಿಯ ಮೇಲೆ, ಪರದೆ ಕಾಗದಗಳಿಂದ ದೂರ ಇಡಿ. ಪಕ್ಕದಲ್ಲೊಂದು ಬಕೆಟ್ ಒಣ ಮರಳು ಇರಲಿ. ಎಲ್ಲರೂ ಮಲಗಿದ ಮೇಲೆ, ಅಥವಾ ಬೀಗ ಹಾಕಿ ಪೇಟೆಗೆ ಹೋಗುವಾಗ ಚಾರ್ಜಿಗೆ ಹಾಕಬೇಡಿ. ಹೊಗೆ ಬಂದರೆ ಬ್ಯಾಟರಿಯನ್ನು ಎತ್ತಲು ಹೋಗಬೇಡಿ, ಆ ಹೊಗೆ ವಿಷ. ದಾರಿಯಲ್ಲೇ ಮೇನ್ ಸ್ವಿಚ್ ಸಿಕ್ಕರೆ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಹಾರಾಟ ಮುಗಿದ ಕೂಡಲೇ ಬ್ಯಾಟರಿ ಬಿಚ್ಚಿಡಿ. ವೈಶಾಖದ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ.

ಹಾಳಾದ ಬ್ಯಾಟರಿಯನ್ನು ಘಂಟಾಗಾಡಿಗೆ ಹಾಕಬಾರದು. ಕಸ ಒತ್ತುವಾಗ ಅದು ಜಜ್ಜಿ ಬೆಂಕಿ ಹತ್ತಿದರೆ ಸುಟ್ಟುಕೊಳ್ಳುವವರು ಕಸ ಆಯುವ ನಮ್ಮಂಥದೇ ಹೆಣ್ಣುಮಕ್ಕಳು. ತುದಿಗಳಿಗೆ ಒಂದೊಂದಾಗಿ ಇನ್ಸುಲೇಶನ್ ಟೇಪ್ ಸುತ್ತಿ, ಮರಳಿರುವ ಡಬ್ಬದಲ್ಲಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹಾಕಿವೆ.

ಕಡೆಯದಾಗಿ ನಮ್ಮ ಮನೆಯ ಸುದ್ದಿ. ಉಬ್ಬಿದ ಬ್ಯಾಟರಿ ಕಂಡ ದಿನ ನನ್ನ ಸೊಸೆ "ಇನ್ನು ಈ ಮನೆಯಲ್ಲಿ ವಿಮಾನ ಬೇಡ" ಅಂದಳು. ತಾಯಿ ಹಾಗನ್ನುವುದು ಸಹಜ. ಮೊಮ್ಮಗಳು ತುಟಿ ಬಿಚ್ಚಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. "ತಪ್ಪು ಅಕಿದಲ್ಲ, ನಂದು. ಅಕಿ ಬ್ಯಾಡ ಅಂದಿದ್ಲು, ನಾನೇ ಕೇಳಲಿಲ್ಲ" ಎಂದು ಎಲ್ಲರ ಎದುರು ಒಪ್ಪಿಕೊಂಡೆ. ಸೊಸೆ ಎರಡು ದಿನ ಯೋಚಿಸಿ ಒಂದು ಷರತ್ತು ಹಾಕಿದಳು. ಚಾರ್ಜ್ ಆಗುವಷ್ಟು ಹೊತ್ತೂ ದೊಡ್ಡವರೊಬ್ಬರು ಅದೇ ಕೋಣೆಯಲ್ಲಿ ಎಚ್ಚರವಾಗಿ ಕೂತಿರಬೇಕು. ಆ ಕೆಲಸ ಈಗ ನನ್ನದು. ನಾನು ಅವರೆಕಾಯಿ ಬಿಡಿಸುತ್ತಾ ಕೂತಿರುತ್ತೇನೆ, ಅವಳು ಮೂರು ಸೆಲ್ಲಿನ ಅಳತೆಯನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಎಕ್ಸ್‌ಚೇಂಜಿನ ನನ್ನ ಹಳೆಯ ಪುಸ್ತಕದಂತೆಯೇ ಮನೆಗಳನ್ನು ಎಳೆದುಕೊಂಡಿದ್ದಾಳೆ.

ಚೆಕ್ಕರ್ ಮತ್ತು ಮೀಟರ್ ಎರಡನ್ನೂ ತಂದಿದ್ದೇನೆ. ಚಹಾದ ಹೊತ್ತಿಗೆ ಬನ್ನಿ, ತೋರಿಸುತ್ತೇನೆ. ಒಂದೇ ವಿನಂತಿ. ಮನೆಗೆ ಹೋದ ಮೇಲೆ ಮಕ್ಕಳ ಆಟಿಕೆಯ ಡಬ್ಬ ತೆರೆದು ನೋಡಿ. ಉಬ್ಬಿದ ಬ್ಯಾಟರಿ ಕಂಡರೆ ಒತ್ತದೆ, ಚುಚ್ಚದೆ, ಇವತ್ತೇ ಅವರು ಮಲಗುವ ಕೋಣೆಯಿಂದ ಹೊರಗಿಡಿ.