ಮೋಟಾರು ಗಾಡಿಯ ಬಿಡಿಭಾಗಗಳ ಪರೀಕ್ಷೆ



ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯು ಹಿರಿಯೂರನ್ನು ಹಾದು ಚಿತ್ರದುರ್ಗವನ್ನು ಸೇರುತ್ತದೆ. ಹೆದ್ದಾರಿಯಿಂದ ಒಳಕ್ಕೆ ಸರಿದಿರುವ ಹೊಳಲ್ಕೆರೆ, ಹೊಸದುರ್ಗಗಳ ಸ್ಥಿತಿ ಬೇರೆ. ಅಲ್ಲಿಯವರು ಅಪರೂಪದ ಬಿಡಿಭಾಗವೊಂದು ಬೇಕಾದರೆ ಚಿತ್ರದುರ್ಗಕ್ಕೆ ಹೇಳಿಕಳುಹಿಸಬೇಕು, ಇಲ್ಲವೆ ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲಿನಲ್ಲಿ ತರಿಸಬೇಕು. ಹೊಸದುರ್ಗದ ತೆಂಗಿನ ತೋಟದವರೊಬ್ಬರ ಕಾರು ಚಕ್ರ ಬಿಚ್ಚಿಸಿಕೊಂಡು ಜಾಕಿಯ ಮೇಲೆ ನಿಂತಿದೆಯೆಂದು ಇಟ್ಟುಕೊಳ್ಳೋಣ. ಸಂಜೆಗೆ ಬಂದ ಪೆಟ್ಟಿಗೆಯನ್ನು ತೆರೆದರೆ ಭಾಗವು ಕೂಡುವುದಿಲ್ಲ. ಅದು ಹಿಂದಕ್ಕೆ ಹೋಗಿ ಮತ್ತೊಂದು ಬರುವವರೆಗೆ ಕಾರೂ ಕದಲದು, ಗ್ಯಾರೇಜಿನ ಜಾಗವೂ ಬಿಡುವಾಗದು.

ಆದರೂ ಕೂಡದ ಭಾಗದಿಂದ ಆಗುವ ನಷ್ಟ ಒಂದೆರಡು ದಿನಗಳದ್ದು. ಕೂಡಿಯೂ ತಪ್ಪಾಗಿರುವ ಭಾಗದ ವಿಷಯವನ್ನೇ ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿದ್ದೇವೆ.

ಗುಂಡುಗಳ ಮೇಲೆ ತಿರುಗುವ ಬೇರಿಂಗನ್ನು ತೆಗೆದುಕೊಳ್ಳಿ. ಅದರ ಅಂಚಿನಲ್ಲಿ 6203 ಅಥವಾ 6303 ಎಂಬಂಥ ಸಂಖ್ಯೆಯನ್ನು ಕೆತ್ತಿರುತ್ತಾರೆ. ಕಡೆಯ ಎರಡು ಅಂಕಿಗಳು ಒಳರಂಧ್ರದ ಅಳತೆಯನ್ನು ತಿಳಿಸುತ್ತವೆ. 03 ಎಂದರೆ 17 ಮಿಲಿಮೀಟರು. 04ರಿಂದ ಮೇಲಕ್ಕೆ ಐದರಿಂದ ಗುಣಿಸಿದರಾಯಿತು, 04ಕ್ಕೆ 20, 05ಕ್ಕೆ 25. ಮೇಲಿನ ಎರಡು ಬೇರಿಂಗುಗಳೂ ಒಂದೇ ದಂಡಕ್ಕೆ ಏರುತ್ತವೆ. ಆದರೆ ಒಂದರ ಹೊರಸುತ್ತು 40 ಮಿಲಿಮೀಟರು, ಇನ್ನೊಂದರದು 47. ಈ ವ್ಯತ್ಯಾಸ ಕಣ್ಣಿಗೇ ಕಾಣುವುದರಿಂದ ಅಪಾಯ ಕಡಮೆ. ಕಾಣದಿರುವುದು ಸಂಖ್ಯೆಯ ಹಿಂದಿನ ಬಾಲ. ಸಿ 3 ಎಂದು ಬರೆದಿದ್ದರೆ ಒಳಗಿನ ಗುಂಡುಗಳಿಗೆ ಸಾಮಾನ್ಯಕ್ಕಿಂತ ಹೆಚ್ಚು ಸಡಿಲವನ್ನು ಬಿಟ್ಟಿದ್ದಾರೆ ಎಂದರ್ಥ. ಕಾದಾಗ ಲೋಹವು ಹಿಗ್ಗಲು ಅದು ಅವಶ್ಯ. ಆ ಬಾಲವಿಲ್ಲದ ಬೇರಿಂಗು ಅದೇ ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತುಕೊಳ್ಳುತ್ತದೆ, ಸದ್ದಿಲ್ಲದೆ ತಿರುಗುತ್ತದೆ. ಬಿಸಿಯೇರಿದ ಮೇಲೆ, ಊರಿಂದ ದೂರದಲ್ಲಿ, ಬಿಗಿದುಕೊಳ್ಳಬಹುದು.

ಚಕ್ರದ ನಟ್ಟುಗಳದೂ ಇಂಥದೇ ಕಥೆ. ಮಾರುತಿ ಕಾರುಗಳ ನಟ್ಟು 12 ಮಿಲಿಮೀಟರು ದಪ್ಪದ ತಿರುಪಿಗೆ ಸೇರಿದ್ದು, ಅದರ ಎಳೆಗಳ ನಡುವಣ ಅಂತರ 1.25. ಟೊಯೊಟಾದ ಅನೇಕ ಕಾರುಗಳಲ್ಲಿ ದಪ್ಪ ಅದೇ 12, ಅಂತರ ಮಾತ್ರ 1.5. ಒಂದರ ನಟ್ಟು ಮತ್ತೊಂದಕ್ಕೆ ಒಂದೆರಡು ಸುತ್ತು ಹತ್ತಿ ನಿಲ್ಲುತ್ತದೆ. ಪಾನದ ಮೇಲೆ ಕಾಲಿಟ್ಟು ಬಲವಂತ ಮಾಡಿದರೆ ಎಳೆಗಳು ಕತ್ತರಿಸಿ ಹೋಗುತ್ತವೆ. ಬಿಗಿಯಾಯಿತೆಂದು ಭಾವಿಸಿದ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ. ಹಾಗೆಂದು ಕಾರಿನ ಹಣೆಯ ಮೇಲಿನ ಹೆಸರನ್ನು ನಂಬುವಂತೆಯೂ ಇಲ್ಲ. 2019ರಲ್ಲಿ ಟೊಯೊಟಾ ಹೆಸರಿನಲ್ಲಿ ಹೊರಟ ಗ್ಲಾನ್ಜಾ ವಸ್ತುತಃ ಮಾರುತಿಯ ಬಲೆನೊ. ಅದಕ್ಕೆ ಬೇಕಾದದ್ದು ಮಾರುತಿಯ ನಟ್ಟು.

ಹಾಗಾದರೆ ನಂಬತಕ್ಕದ್ದು ಯಾವುದನ್ನು? ನೋಂದಣಿ ಪತ್ರದಲ್ಲಿರುವ ಹದಿನೇಳು ಅಕ್ಷರಾಂಕಗಳ ಚಾಸಿಸ್ ಸಂಖ್ಯೆಯನ್ನು. ಒಂದು, ಸೊನ್ನೆಗಳೊಡನೆ ಗೊಂದಲವಾಗಬಾರದೆಂದು ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಫೋನಿನಲ್ಲಿ ಓದಿ ಹೇಳುವವರಿಗೆ ಇದು ಉಪಕಾರ. ತಯಾರಕರ ಪಟ್ಟಿಯಲ್ಲಿ ಆ ಸಂಖ್ಯೆಯಿಂದ ಭಾಗದ ಸಂಖ್ಯೆ ಹೊರಡುತ್ತದೆ. "ಇಂಥ ಕಾರು, ಇಂಥ ವರ್ಷದ್ದು" ಎಂದಷ್ಟೇ ಹೇಳಿದರೆ ಸಾಲದು. ವರ್ಷದ ನಡುವೆಯೇ ಭಾಗ ಬದಲಾಗಿರುವುದುಂಟು.

ಹಳೆಯ ಭಾಗವನ್ನು ಹೊಸದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ರೂಢಿಯೇ. ಕ್ಲಚ್ಚು ತಟ್ಟೆಯಾದರೆ ನಡುವಿನ ಹಲ್ಲುಗಳನ್ನು ಎಣಿಸಿರಿ. ಪಟ್ಟಿಯಾದರೆ ಉದ್ದ, ಅಗಲಗಳನ್ನೂ ಹಲ್ಲುಗಳನ್ನೂ ನೋಡಿರಿ. ಆದರೆ ಕೈಬದಲಾದ ಕಾರಿನಲ್ಲಿ ಹಿಂದಿನವರು ತಪ್ಪು ಭಾಗವನ್ನೇ ಹಾಕಿಸಿದ್ದಿರಬಹುದು. ಆಗ ಹಳೆಯದರಂತೆಯೇ ಇರುವ ಹೊಸದೂ ತಪ್ಪೇ. ಆದುದರಿಂದ ಸಂಖ್ಯೆ ಮೊದಲು, ಹೋಲಿಕೆ ಆಮೇಲೆ.

ಬ್ರೇಕು ಹಿಡಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯು ನಮ್ಮ ದೇಶದ ಹೊಸ ಕಾರುಗಳಿಗೆ 2019ರ ಏಪ್ರಿಲಿನಿಂದ ಕಡ್ಡಾಯವಾಗಿದೆ. ಇಂಥ ಅನೇಕ ಕಾರುಗಳಲ್ಲಿ ಚಕ್ರದ ಬೇರಿಂಗಿನ ಒಂದು ಪಕ್ಕಕ್ಕೆ ಅಯಸ್ಕಾಂತದ ಉಂಗುರವಿದ್ದು, ಚಕ್ರದ ವೇಗವನ್ನು ಅಳೆಯುವ ಸಾಧನವು ಅದನ್ನೇ ಓದುತ್ತದೆ. ಎರಡು ಪಕ್ಕಗಳೂ ನೋಟಕ್ಕೆ ಒಂದೇ. ಉಂಗುರವಿಲ್ಲದ್ದನ್ನು ತಂದರೂ, ಇದ್ದುದನ್ನು ತಿರುಗುಮುರುಗಾಗಿ ಕೂರಿಸಿದರೂ ಕಾರು ಎಂದಿನಂತೆ ಓಡುತ್ತದೆ. ಎದುರಿನ ಫಲಕದಲ್ಲಿ ದೀಪವೊಂದು ಹೊತ್ತಿಕೊಂಡು, ಎ.ಬಿ.ಎಸ್. ಕೆಲಸ ನಿಲ್ಲಿಸುತ್ತದೆ. ಸಣ್ಣ ಕಬ್ಬಿಣದ ಕ್ಲಿಪ್ಪೊಂದನ್ನು ಹತ್ತಿರ ಹಿಡಿದರೆ ಅಯಸ್ಕಾಂತದ ಪಕ್ಕ ಯಾವುದೆಂದು ತಿಳಿಯುವುದು. ಮೆಕ್ಯಾನಿಕ್ಕು ಒತ್ತುಯಂತ್ರದ ಬಳಿಗೆ ಹೋಗುವ ಮೊದಲೇ ಇದನ್ನು ಕೇಳಬೇಕು. ಒಮ್ಮೆ ಒತ್ತಿ ಕೂರಿಸಿದ ಬೇರಿಂಗು ಹೊರಬರುವಾಗ ಸಾಮಾನ್ಯವಾಗಿ ಕೆಟ್ಟೇ ಬರುತ್ತದೆ.

ನಕಲಿ ಸರಕಿನ ಹಾವಳಿಯೂ ಉಂಟು. ಸುಳ್ಳು ಮುದ್ರೆಯ ವಸ್ತುವನ್ನು ಮಾರುವವರಿಗೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯು ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಲ್ಲುದು. ಆದರೆ ದೂರು ಕೊಡಲು ಕೈಯಲ್ಲಿ ರಶೀದಿಯಿರಬೇಕಷ್ಟೆ. ಅದರಲ್ಲಿ "ಬೇರಿಂಗು ಒಂದು" ಎಂದು ಬರೆಯಿಸಿಕೊಂಡು ಬರಬೇಡಿರಿ. ಭಾಗದ ಪೂರ್ಣ ಸಂಖ್ಯೆಯನ್ನು ಬಾಲಸಮೇತ ಬರೆಯಿಸಿರಿ. ಎಣ್ಣೆ ತಾಕಿದ ವಸ್ತುವನ್ನು ಹಿಂದಕ್ಕೆ ಪಡೆಯಲು ಅಂಗಡಿಯವರು ಒಪ್ಪುವುದು ವಿರಳ. ಪೆಟ್ಟಿಗೆಯನ್ನು ಅವರ ಎದುರಿನಲ್ಲೇ, ಒಣಗೈಯಲ್ಲಿ ತೆರೆಯಿರಿ.