ಆತಕೂರಿನ ಕಾಳಿಗೆ ಬಿಟ್ಟ ಗದ್ದೆ



ನಾಯಿಗೆಂದು ಆಸ್ತಿ ಬಿಟ್ಟವರ ಕಥೆಯನ್ನು ನಾನು ಅಮೆರಿಕದಿಂದ ಶುರು ಮಾಡಬೇಕಾಗಿಲ್ಲ. ಮದ್ದೂರು ತಾಲೂಕಿನ ಆತಕೂರು ಸಾಕು. 949ರಲ್ಲಿ ತಕ್ಕೋಲದ ಯುದ್ಧ ಗೆದ್ದ ಮೇಲೆ ಗಂಗ ದೊರೆ ಬೂತುಗ ತನ್ನ ವೀರ ಮಣಲೇರನಿಗೆ, ಬೇಕಾದ್ದು ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಆ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಕಲ್ಲಿನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ನನ್ನ ಮನಸ್ಸು ನಿಂತಿರುವುದು ಅದರ ಕೊನೆಯ ಸಾಲುಗಳ ಮೇಲೆ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಆ ಕಲ್ಲಿಗೆಂದು ಬಿಟ್ಟರು. ಪೂಜಾರಿ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪ ತಟ್ಟುತ್ತದೆಂದೂ ಬರೆಸಿದರು. ವರ್ಷವರ್ಷವೂ ಬೆಳೆ ಕೊಡುವ ನೀರಾವರಿ ನೆಲ, ಜೊತೆಗೊಂದು ಷರತ್ತು. ಕೊಟ್ಟವನು ಸತ್ತ ಮೇಲೂ ಕೆಲಸ ನಡೆಯಬೇಕು ಎಂಬ ಯೋಚನೆ ಅದು.

ಈಗಿನ ಸಿರಿವಂತರೂ ನಾಯಿಗಳಿಗೆ ಕೊಡುತ್ತಿದ್ದಾರೆ. ರತನ್ ಟಾಟಾ ಅವರ ಆಸೆಯಂತೆ 165 ಕೋಟಿ ರೂಪಾಯಿ ವೆಚ್ಚದ ಪ್ರಾಣಿ ಆಸ್ಪತ್ರೆ 2024ರಲ್ಲಿ ಮುಂಬೈನಲ್ಲಿ ತೆರೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮಿ ರಾಕೇಶ್ ಶುಕ್ಲಾ ದೊಡ್ಡಬಳ್ಳಾಪುರದ ಕಡೆಯ ತೋಟದಲ್ಲಿ 700ಕ್ಕೂ ಹೆಚ್ಚು ನಾಯಿಗಳನ್ನು ಸಾಕಿದರು; ಅದಕ್ಕಾಗಿ ಕಾರುಗಳನ್ನು ಮಾರಿದರು. ನಮ್ಮ ಮೈಸೂರಿನಲ್ಲೇ ಕಥೆ ಆರಂಭವಾಗುವ ‘777 ಚಾರ್ಲಿ’ 2022ರಲ್ಲಿ ಗೆದ್ದಾಗ, ರಕ್ಷಿತ್ ಶೆಟ್ಟಿ ಲಾಭದ ಶೇಕಡಾ 5ರಷ್ಟನ್ನು ದೇಸಿ ನಾಯಿಗಳನ್ನು ನೋಡಿಕೊಳ್ಳುವ ಸಂಸ್ಥೆಗಳಿಗೆ ಚಾರ್ಲಿಯ ಹೆಸರಲ್ಲಿ ಕೊಡುವುದಾಗಿ ಘೋಷಿಸಿದರು. ಇವೆಲ್ಲ ಗೌರವಕ್ಕೆ ತಕ್ಕ ಕೆಲಸಗಳು.

ಆದರೆ ನಮ್ಮ ಬಡಾವಣೆಗಳ ಮಟ್ಟದಲ್ಲಿ ದಾನವೆಂದರೆ ಇನ್ನೂ ಕಟ್ಟಡವೇ. ನಾಯಿಗಳಿಗೆ ಶೆಡ್ಡು ಕಟ್ಟಿಸಿ ಗೋಡೆಗೆ ಹೆಸರಿನ ಕಲ್ಲು ಹಾಕಿಸುವವರು ಸಿಗುತ್ತಾರೆ. ಆ ಶೆಡ್ಡಿನಲ್ಲಿ ಬೆಳಗ್ಗೆ ಮಲ-ಮೂತ್ರ ಬಳಿಯುವ ಹುಡುಗನ ಸಂಬಳ ಕೊಡುವವರು ಸಿಗುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ. ಆಶ್ರಯಕ್ಕೆ ಬಂದ ಮರಿ ಹತ್ತು ಹನ್ನೆರಡು ವರ್ಷ ಬದುಕಬಹುದು. ಅಷ್ಟು ವರ್ಷವೂ ಅದಕ್ಕೆ ಅನ್ನ ಬೇಕು, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಬೇಕು, ಕಾಲು ಮುರಿದರೆ ಡಾಕ್ಟರು ಬೇಕು. ಹೆಣ್ಣುನಾಯಿ ಎರಡು ತಿಂಗಳಷ್ಟೇ ಗರ್ಭ ಹೊರುತ್ತದೆ, ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಸಂತಾನಹರಣ ಚಿಕಿತ್ಸೆ ಎಡೆಬಿಡದೆ ನಡೆಯದಿದ್ದರೆ ಎಷ್ಟು ಶೆಡ್ಡು ಕಟ್ಟಿದರೂ ತುಂಬಿಹೋಗುತ್ತವೆ. ನಮ್ಮ ವಿಜಯನಗರ ಬಡಾವಣೆಯ ನಾಲ್ಕನೇ ಹಂತದ ಖಾಲಿ ಸೈಟುಗಳ ಮಗ್ಗುಲಲ್ಲಿ ಮನೆ ಇರುವವರಿಗೆ ನಾನು ಇದನ್ನು ವಿವರಿಸಬೇಕಿಲ್ಲ.

ವರ್ಷವರ್ಷದ ಖರ್ಚಿಗೆ ಹಣ ಹೊಂದಿಸುವ ವಿಷಯದಲ್ಲಿ ಅಮೆರಿಕದ ಡೇವ್ ಡಫೀಲ್ಡ್ ಅವರಿಂದ ಕಲಿಯುವುದಿದೆ. ಪೀಪಲ್‌ಸಾಫ್ಟ್ ಕಂಪನಿಯಿಂದ ಬಂದ ಹಣದಲ್ಲಿ, ತಮ್ಮ ನಾಯಿ ಮ್ಯಾಡಿಯ ಹೆಸರಲ್ಲಿ ಅವರೂ ಪತ್ನಿ ಶೆರಿಲ್ ಅವರೂ ನಿಧಿ ಇಟ್ಟರು. ಅದು ದತ್ತು ಕೊಡಿಸಲು, ಆಶ್ರಯಧಾಮಗಳ ವೈದ್ಯಕೀಯವನ್ನು ವಿಶ್ವವಿದ್ಯಾಲಯಗಳಲ್ಲಿ ಕಲಿಸಲು ಹಣ ಕೊಡುತ್ತ ಬಂದಿದೆ. ಮೂಲಧನ ಉಳಿಯುತ್ತದೆ, ಫಲ ಖರ್ಚಾಗುತ್ತದೆ. ಆತಕೂರಿನ ಗದ್ದೆಯದೂ ಇದೇ ಕ್ರಮವಲ್ಲವೇ?

ಇಂಥ ನಿಧಿಯ ಅಗತ್ಯ ನಮ್ಮಲ್ಲೂ ಇದೆ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಕ್ಕೆ ಸೇರಿಸಿ ಎಂದ ಸುಪ್ರೀಂ ಕೋರ್ಟ್, ಹನ್ನೊಂದೇ ದಿನಗಳಲ್ಲಿ ಆ ಆದೇಶವನ್ನು ಸಡಿಲಿಸಿತು. ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಆಶ್ರಯಕ್ಕೆ ಒಯ್ಯಲು ಹೇಳಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಸಂಕಟ ಸುಳ್ಳಲ್ಲ. ನಾಯಿಯ ಹಸಿವೂ ಸುಳ್ಳಲ್ಲ. ಎರಡಕ್ಕೂ ಬೇಕಾದ್ದು ಲಸಿಕೆ, ಶಸ್ತ್ರಚಿಕಿತ್ಸೆ, ಚೆನ್ನಾಗಿ ನಡೆಯುವ ಆಶ್ರಯ. ಇವಕ್ಕೆ ನಗರಪಾಲಿಕೆಯ ಹಣವೊಂದೇ ಸಾಲದು.

ಈ ಸಭೆಯಲ್ಲಿ ಉಳ್ಳವರಿದ್ದೀರಿ. ಅಪ್ಪ-ಅಮ್ಮನ ಹೆಸರಲ್ಲಿ ಉಪನ್ಯಾಸಕ್ಕೆ, ವಿದ್ಯಾರ್ಥಿವೇತನಕ್ಕೆ ದತ್ತಿ ಇಡುವುದು ಮೈಸೂರಿಗೆ ಹೊಸದಲ್ಲ. ಅದೇ ರೀತಿ ಮೈಸೂರಿನ ಯಾವುದಾದರೂ ಪ್ರಾಣಿ ಆಶ್ರಯಕ್ಕೆ ಒಂದು ದತ್ತಿ ಇಡಿ. ಬಡ್ಡಿ ಊಟಕ್ಕೆ, ಲಸಿಕೆಗೆ, ಕೆಲಸದವರ ಸಂಬಳಕ್ಕೆ ಮಾತ್ರ ಎಂದು ಬರೆಸಿ. ವರ್ಷಕ್ಕೊಮ್ಮೆ ಹೋಗಿ ಲೆಕ್ಕ ಕೇಳಿ, ನಾಯಿಗಳನ್ನೂ ನೋಡಿ ಬನ್ನಿ.